ಹಗೇವಿನ ಒಳಗೋಡೆ: ರಾಗಿಗೂ ಜೀವಕ್ಕೂ ರಕ್ಷಣೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೆಯ ಮನೆಗಳ ಅಂಗಳದಲ್ಲೋ ಊರ ಮುಂದಿನ ದಿಣ್ಣೆಯಲ್ಲೋ ಕಲ್ಲುಚಪ್ಪಡಿ ಮುಚ್ಚಿದ ಹಗೇವನ್ನು ಹಿರಿಯರೆಲ್ಲ ಕಂಡಿದ್ದಾರೆ. ಬಾಯಿ ಕಿರಿದು, ಹೊಟ್ಟೆ ಹಿರಿದು. ಅದರಲ್ಲಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲಕ್ಕೆ ಅದೇ ಆಸರೆ. ಇಂದು ಹಗೇವುಗಳು ವಿರಳವಾಗಿದ್ದರೂ, ಹಳೆಯದನ್ನು ದುರಸ್ತಿ ಮಾಡಬಯಸುವವರು ಮುಖ್ಯವಾಗಿ ಗಮನಿಸಬೇಕಾದುದು ಅದರ ಒಳಗೋಡೆಯನ್ನು.

ಸ್ಥಳ ನೋಡಿ ಕೈಹಾಕಿ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಗದ್ದೆ ಬಯಲಿನಲ್ಲಿ ನೆಲದೊಳಗಿನ ನೀರು ಮೇಲೇರಿತು. ಅಂಥ ಜಾಗ ಹಗೇವಿಗೆ ತಕ್ಕುದಲ್ಲ. ಎತ್ತರದ, ಗಟ್ಟಿ ಗೊರಚು ಮಣ್ಣಿನ ನೆಲವೇ ಬೇಕು. ಮಳೆಗಾಲದಲ್ಲಿ, ನಾಲೆಯಲ್ಲಿ ನೀರಿರುವಾಗ, ಪಕ್ಕದಲ್ಲಿ ಹಗೇವಿನಷ್ಟೇ ಆಳಕ್ಕೆ ಪರೀಕ್ಷಾ ಗುಂಡಿ ತೋಡಿ ನೋಡಿ. ತಳದಲ್ಲಿ ನೀರು ಜಿನುಗಿದರೆ ಆ ಯೋಚನೆ ಬಿಡುವುದೇ ಲೇಸು. ಯಾವ ಗಾರೆಯೂ ಅದನ್ನು ತಡೆಯಲಾರದು.

ಗೋಡೆಯ ಕೆಲಸ

ಮೊದಲು ಸಡಿಲ ಮಣ್ಣನ್ನು ಕೆರೆದು, ಬೇರು ಮತ್ತು ಇಲಿಬಿಲಗಳನ್ನು ತೆಗೆದು ಮುಚ್ಚಬೇಕು. ಕೆಮ್ಮಣ್ಣು, ಸಗಣಿ ಕಲಸಿ ಮೆತ್ತುವುದು ಹಳೆಯ ಪದ್ಧತಿ. ಇದು ಒಣ ನೆಲಕ್ಕೆ ಸಾಕು. ಸಂಶಯವಿದ್ದಲ್ಲಿ ಎರಡು ಸಾಲು ಇಟ್ಟಿಗೆ ಗೋಡೆ ಕಟ್ಟಿ, ನಡುವೆ ದಪ್ಪ ಪಾಲಿಥೀನ್ ಹಾಳೆಯನ್ನು ಹರಿಯದಂತೆ ಇಡಬಹುದು. ತಳಕ್ಕೂ ಇದೇ ಕ್ರಮ. ದೆಹಲಿಯ ಪೂಸಾ ಸಂಸ್ಥೆ ರೂಪಿಸಿದ ಪೂಸಾ ಕಣಜದ ತತ್ತ್ವವೂ ಇದೇ.

ಸಿಮೆಂಟು ಗಾರೆ ಮಾಡಿದವರು ಅವಸರಪಡಬಾರದು. ಹೊಸ ಗಾರೆಯೊಳಗೆ ನೀರಿರುತ್ತದೆ. ಒಂದು ವಾರ ನೀರುಣಿಸಿದ ನಂತರ ಹಲವು ವಾರ ಒಣಗಲು ಬಿಡಬೇಕು. ಗೋಡೆಗೆ ಎರಡಡಿ ಚದರದ ಪಾಲಿಥೀನ್ ಹಾಳೆಯನ್ನು ನಾಲ್ಕು ಅಂಚೂ ಅಂಟುವಂತೆ ಹಚ್ಚಿ, ಮರುದಿನ ತೆಗೆದು ನೋಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ ಎಂದು ತಿಳಿಯಿರಿ.

ಗೋಡೆ ಒಣಗಿದರೂ ರಾಗಿ ಅದಕ್ಕೆ ನೇರ ತಾಗಬಾರದು. ನೆಲ ತಂಪು, ಕಾಳು ಬೆಚ್ಚಗೆ. ಅವೆರಡೂ ಕೂಡುವಲ್ಲಿ ಬೆವರು ಮೂಡಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತಳಕ್ಕೂ ಸುತ್ತಲೂ ಚೆನ್ನಾಗಿ ಒಣಗಿದ ಹುಲ್ಲನ್ನು ಒತ್ತಾಗಿ ಹೊದಿಸಬೇಕು. ರಾಗಿಯ ತೇವ ಶೇಕಡ 12ನ್ನು ಮೀರಬಾರದು. ತುಂಬಿದ ಮೇಲೆ ಬಾಯಿಗೂ ಹುಲ್ಲು ತುರುಕಿ, ಚಪ್ಪಡಿ ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿ.

ಇಳಿಯುವ ಮುನ್ನ ಎಚ್ಚರ

ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಇದು ಗಾಳಿಗಿಂತ ಭಾರ, ಬಣ್ಣವಿಲ್ಲ, ವಾಸನೆಯಿಲ್ಲ. ಹುಳು ಸಾಯುವುದೂ ಇದರಿಂದಲೇ, ಇಳಿದ ಆಳು ಸಾಯುವುದೂ ಇದರಿಂದಲೇ. ಗೋಡೆ ಒಣಗಿಸಲು ಒಳಗೆ ಹುಲ್ಲು ಸುಟ್ಟರೂ ವಿಷಗಾಳಿ ಉಳಿಯುತ್ತದೆ.

1. ತೆರೆದ ದಿನವೇ ಇಳಿಯಬೇಡಿ. ಗಾಳಿಯಂತ್ರಕ್ಕೆ ಕೊಳವೆ ಜೋಡಿಸಿ ತಳದವರೆಗೆ ಹೊಸ ಗಾಳಿ ಊದಿರಿ. ಕೆಲಸ ಮುಗಿಯುವವರೆಗೂ ನಿಲ್ಲಿಸಬೇಡಿ.
2. ಹಗ್ಗ ಕಟ್ಟಿ ಇಳಿಬಿಟ್ಟ ಲಾಟೀನು ಆರಿದರೆ ಯಾರೂ ಇಳಿಯಕೂಡದು. ಉರಿಯುತ್ತಿದೆಯೆಂದು ಪೂರ್ತಿ ನಂಬುವಂತೆಯೂ ಇಲ್ಲ.
3. ಇಳಿಯುವವರ ಸೊಂಟಕ್ಕೆ, ತೋಳುಗಳ ಕೆಳಗೆ ಹಗ್ಗ ಕಟ್ಟಿರಲಿ. ಮೇಲೆ ಇಬ್ಬರಾದರೂ ಹಿಡಿದಿರಲಿ.
4. ಒಳಗಿದ್ದವರು ಕುಸಿದರೆ ಹಗ್ಗದಿಂದಲೇ ಎಳೆಯಿರಿ. ಅವರ ಹಿಂದೆ ಧುಮುಕಬೇಡಿ. ಕೂಡಲೇ ಅಗ್ನಿಶಾಮಕ ದಳವನ್ನು ಕರೆಯಿರಿ.

ಅಣ್ಣನನ್ನು ಎತ್ತಲು ಹೋದ ತಮ್ಮನೂ ಮೇಲೆ ಬಾರದಂಥ ಸಾವು ಯಾವ ಮನೆಗೂ ಬೇಡ. ಇಷ್ಟು ಏರ್ಪಾಡು ಸಾಧ್ಯವಿಲ್ಲದವರು ಹಗೇವನ್ನು ಮಣ್ಣು ತುಂಬಿ ಮುಚ್ಚಿ, ನೆಲದ ಮೇಲಿನ ಲೋಹದ ಕಣಜವನ್ನು ಬಳಸುವುದು ಒಳ್ಳೆಯದು. ರಾಗಿ ಮತ್ತೆ ಬೆಳೆಯಬಹುದು; ಹೋದ ಜೀವ ಬಾರದು.