ಗದ್ದೆಯ ಫೋಟೊ ದಾಟುವ ತನಿಖಾ ಠಾಣೆಗಳು

ಕೆ.ಆರ್. ನಗರ ಸೀಮೆಯ ಮಿರ್ಲೆ ಹೋಬಳಿಯಲ್ಲಿ ಭತ್ತ ನಾಟಿ ಮಾಡಿದ ರೈತರು ಬೆಳೆ ಸಮೀಕ್ಷೆಯ ಆ್ಯಪ್ ತೆರೆದು, ಊರು, ಸರ್ವೆ ನಂಬರು, ಹಿಸ್ಸಾ ಆರಿಸಿ, ತಮ್ಮ ಗದ್ದೆಯಲ್ಲೇ ನಿಂತು ಫೋಟೊ ತೆಗೆಯುತ್ತಾರೆ. ಈ ಕೆಲಸವನ್ನು ರೈತರ ಕೈಗೇ ಒಪ್ಪಿಸುವ ಏರ್ಪಾಡನ್ನು ಕರ್ನಾಟಕ ಸರ್ಕಾರ 2020ರ ಮುಂಗಾರಿನಲ್ಲಿ ತಂದಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ನೆರೆ ಬರದ ಪರಿಹಾರ ಎಲ್ಲಕ್ಕೂ ಈ ದಾಖಲೆ ಬೇಕು. ಹಾಗಾಗಿ ಫೋಟೊ ನಿಜವಾಗಿ ಆ ಜಮೀನಿನದೇ ಎಂದು ಖಾತ್ರಿಯಾಗಬೇಕು. ಅದಕ್ಕೆ ಆ್ಯಪ್‌ಗೆ ಕ್ಯಾಮೆರಾ ಬೇಕು, ಸ್ಥಳದ ಮಾಹಿತಿ ಬೇಕು.

ಇವೆರಡನ್ನೂ ಆ್ಯಪ್ ತಾನಾಗಿ ಮುಟ್ಟುವಂತಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ ಇರುತ್ತದೆ. ಸಾಮಾನ್ಯ ಆ್ಯಪ್‌ಗಳಿಗೆ ಅದು 10000ದಿಂದ ಶುರುವಾಗುತ್ತದೆ. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ಏನು ಬೇಕಿದ್ದರೂ ಸಂದೇಶ ಕಳಿಸಿ ಕೇಳಬೇಕು. ಸಂದೇಶ ಸಾಗಿಸುವ ವ್ಯವಸ್ಥೆಯ ಹೆಸರು ಬೈಂಡರ್. ಬಿ ಎಂಬ ಕಂಪನಿಯಲ್ಲಿ ಹುಟ್ಟಿ, ಪಾಮ್‌ಸೋರ್ಸ್‌ನಲ್ಲಿ ಬೆಳೆದು ಆಂಡ್ರಾಯ್ಡ್‌ಗೆ ಬಂದ ಕಲ್ಪನೆ ಅದು.

ಸ್ಥಳ ಕೇಳುವ ಒಂದು ಸಂದೇಶದ ಬೆನ್ನು ಹಿಡಿದು ಹೋದರೆ ವಿಷಯ ತಿಳಿಯಾಗುತ್ತದೆ. ಆ್ಯಪ್ ತನ್ನ ಕೋರಿಕೆಯನ್ನು ಕಟ್ಟಿ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಒಪ್ಪಿಸುತ್ತದೆ. ಕರ್ನಲ್‌ನೊಳಗಿನ ಬೈಂಡರ್ ಆ ಕೋರಿಕೆಯ ಮೇಲೆ ಕಳಿಸಿದವರ ಬಳಕೆದಾರ ಸಂಖ್ಯೆಯನ್ನು ತಾನೇ ನಮೂದಿಸುತ್ತದೆ. ಲಕೋಟೆಯ ಮೇಲೆ ಕಳಿಸಿದವರ ವಿಳಾಸವನ್ನು ಅಂಚೆ ಗುಮಾಸ್ತರೇ ಗುರುತು ನೋಡಿ ಬರೆದರೆ ಹೇಗೋ ಹಾಗೆ. ‘ನಾನು ಬೇರೆಯವನು’ ಎಂದು ಆ್ಯಪ್ ಸುಳ್ಳು ಹೇಳುವ ದಾರಿಯೇ ಇಲ್ಲಿ ಮುಚ್ಚಿಹೋಗುತ್ತದೆ. ಇಡೀ ಭದ್ರತೆಯ ಬುನಾದಿ ಇದೇ. ಕೇಳಿದವರು ಯಾರೆಂದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ನಿಯಮಕ್ಕೂ ಬೆಲೆಯಿಲ್ಲ.

ಕೋರಿಕೆ ತಲುಪಿದ ಮೇಲೆ ಸ್ಥಳ ಸೇವೆ, ಅಂದರೆ ಸ್ಥಳದ ಮಾಹಿತಿ ಕೊಡುವ ಆಂಡ್ರಾಯ್ಡ್‌ನದೇ ಭಾಗ, ಆ ಸಂಖ್ಯೆಯನ್ನು ನೋಡಿ, ಫೋನಿನ ಒಡೆಯರು ಇದಕ್ಕೆ ಅನುಮತಿ ಕೊಟ್ಟಿದ್ದಾರೆಯೇ ಎಂದು ಪರೀಕ್ಷಿಸುತ್ತದೆ. ಆಂಡ್ರಾಯ್ಡ್ 12ರಿಂದ (2021) ಈ ಅನುಮತಿಯಲ್ಲೂ ಎರಡು ಬಗೆಯಲ್ಲಿ ಒಂದನ್ನು ಒಡೆಯರೇ ಆರಿಸಬಹುದು: ನಿಖರ ಸ್ಥಳ, ಅಂದಾಜು ಸ್ಥಳ. ಅಂದಾಜು ಎಂದರೆ ಸುಮಾರು 3 ಚದರ ಕಿಲೋಮೀಟರಿನಷ್ಟು ಹರವು. ಹವಾಮಾನದ ಆ್ಯಪ್‌ಗೆ ಅಷ್ಟು ಧಾರಾಳವಾಗಿ ಸಾಕು. ಒಂದು ಎಕರೆ ಗದ್ದೆಯ ಗಡಿ ಗುರುತಿಸಲು ನಿಖರವೇ ಬೇಕು. ಅನುಮತಿಯನ್ನು ಹೀಗೆ ಅಗತ್ಯಕ್ಕೆ ತಕ್ಕಂತೆ ಸಣ್ಣ ಸಣ್ಣದಾಗಿ ಸೀಳುವುದೇ ಸೂಕ್ಷ್ಮ ನಿಯಂತ್ರಣ.

ಮೊದಲು ಇಷ್ಟು ಸೂಕ್ಷ್ಮ ಇರಲಿಲ್ಲ. ಆಂಡ್ರಾಯ್ಡ್ 6 ಬರುವ ತನಕ, ಅಂದರೆ 2015ರವರೆಗೆ, ಆ್ಯಪ್ ಹಾಕಿಕೊಳ್ಳುವಾಗಲೇ ಕೇಳಿದ್ದಕ್ಕೆಲ್ಲ ಒಟ್ಟಿಗೆ ಒಪ್ಪಬೇಕಿತ್ತು. ಒಪ್ಪದಿದ್ದರೆ ಆ್ಯಪ್ ಇಲ್ಲ. ಇದಕ್ಕಿಂತ ಆಳದ ಇನ್ನೊಂದು ಕೊರತೆಯೂ ಇತ್ತು. ಅನುಮತಿ ನೋಡುವ ಹೊಣೆ ಆಯಾ ಸೇವೆಯದಾಗಿತ್ತು. ಸೇವೆ ಬರೆದವರು ಒಂದು ಕಡೆ ಮರೆತರೆ ಸಂದೇಶ ಸಲೀಸಾಗಿ ಒಳಗೆ ಹೋಗುತ್ತಿತ್ತು.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಸ್ಟೀಫನ್ ಸ್ಮಾಲಿ ಮತ್ತು ರಾಬರ್ಟ್ ಕ್ರೇಗ್ 2013ರಲ್ಲಿ ಪ್ರಕಟಿಸಿದ ಕೆಲಸ ಈ ಜಾಗಕ್ಕೇ ಕೈ ಹಾಕಿತು. ಆಂಡ್ರಾಯ್ಡ್‌ನ ಕರ್ನಲ್‌ಗೆ ಮೂಲವಾದ ಲಿನಕ್ಸ್‌ಗಾಗಿ ಮೊದಲೇ ಇದ್ದ ಎಸ್‌ಇ-ಲಿನಕ್ಸ್ ಎಂಬ ಕಾವಲನ್ನು ಅವರು ಆಂಡ್ರಾಯ್ಡ್‌ಗೆ ತಂದರು. ಬೈಂಡರ್‌ನೊಳಗೆ ನಾಲ್ಕು ಕಡೆ ತನಿಖೆ ಇಡಲಾಯಿತು: ಎಲ್ಲ ಸೇವೆಗಳ ಪಟ್ಟಿ ಇಟ್ಟುಕೊಳ್ಳುವ ಅಧಿಕಾರ ಯಾರಿಗೆ, ಯಾರು ಯಾರಿಗೆ ಸಂದೇಶ ಕಳಿಸಬಹುದು, ಒಂದು ಸೇವೆಯ ಸಂಪರ್ಕವನ್ನು ಯಾರು ಇನ್ನೊಬ್ಬರಿಗೆ ದಾಟಿಸಬಹುದು, ತೆರೆದ ಕಡತವನ್ನು ಯಾರು ಯಾರ ಕೈಗೆ ಕೊಡಬಹುದು. ನಿಯಮದಲ್ಲಿ ಬರೆದಿರದ ಯಾವುದಕ್ಕೂ ಅವಕಾಶವಿಲ್ಲ. ಸೇವೆ ಬರೆದವರು ಮರೆತರೂ ಕರ್ನಲ್ ಮರೆಯುವುದಿಲ್ಲ. 2014ರ ಆಂಡ್ರಾಯ್ಡ್ 5ರಲ್ಲಿ ಈ ಕಾವಲು ಇಡೀ ವ್ಯವಸ್ಥೆಗೆ ಕಡ್ಡಾಯವಾಯಿತು.

ಮರುವರ್ಷವೇ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಬೇಕೆಂದೇ ಕೆಡಿಸಿದ ಒಂದು ವಿಡಿಯೊ ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ವಿಡಿಯೊ ಬಿಡಿಸಿ ಓದುವುದು, ಧ್ವನಿ, ಕ್ಯಾಮೆರಾ ಎಲ್ಲವೂ ಒಂದೇ ಪ್ರೊಸೆಸ್‌ನಲ್ಲಿ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಂನಲ್ಲಿ, ನಡೆಯುತ್ತಿದ್ದುದರಿಂದ, ಅದೊಂದು ಕೈವಶವಾದರೆ ಎಲ್ಲವೂ ಕೈವಶ. 2016ರ ಆಂಡ್ರಾಯ್ಡ್ 7ರಲ್ಲಿ ಅದನ್ನು ಹಲವು ಪ್ರೊಸೆಸ್‌ಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಕಟ್ಟಳೆ ವಿಧಿಸಿದರು. ಇಂದು ಕ್ಯಾಮೆರಾ ನೋಡಿಕೊಳ್ಳುವ ಪ್ರೊಸೆಸ್ಸೇ ಪ್ರತ್ಯೇಕ. ಇದಾದ ಮೇಲೂ ಬೈಂಡರ್‌ನಲ್ಲೇ ಒಂದು ಬಿರುಕು ಸಿಕ್ಕಿತು. ಲಿನಕ್ಸ್‌ನ ಮೂಲದಲ್ಲಿ ಆಗಲೇ ಸರಿಪಡಿಸಿದ್ದ ಆ ತಪ್ಪಿನ ಪರಿಹಾರ ಎಷ್ಟೋ ಫೋನ್‌ಗಳನ್ನು ತಲುಪಿರಲಿಲ್ಲ. ದಾಳಿಕೋರರು ಅದನ್ನು ಬಳಸುತ್ತಿದ್ದ ಸುಳಿವು 2019ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಅಪ್‌ಡೇಟ್ ಬಂದಾಗ ಮುಂದೂಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಇಷ್ಟೆಲ್ಲ ಠಾಣೆಗಳು ಕಳ್ಳದಾರಿಯನ್ನು ತಡೆಯುತ್ತವೆ. ಒಡೆಯರೇ ‘ಅನುಮತಿಸಿ’ ಎಂದು ಒತ್ತಿದರೆ ಕರ್ನಲ್ ಸುಮ್ಮನೆ ದಾರಿ ಬಿಡುತ್ತದೆ. ಸಾಲದ ಆ್ಯಪ್‌ಗಳು ಜನರ ಫೋನಿನ ಸಂಪರ್ಕ ಪಟ್ಟಿಯನ್ನೇ ಬಾಚಿಕೊಂಡು, ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆದದ್ದು ಹೀಗೆಯೇ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತಂದ ನಿಯಮದ ಪ್ರಕಾರ ಸಾಲದ ಆ್ಯಪ್‌ಗಳು ಕಡತ, ಸಂಪರ್ಕ ಪಟ್ಟಿ, ಕರೆಗಳ ವಿವರ ಮುಟ್ಟುವಂತಿಲ್ಲ; ಕ್ಯಾಮೆರಾ, ಮೈಕು, ಸ್ಥಳವನ್ನು ಗ್ರಾಹಕರ ಸ್ಪಷ್ಟ ಒಪ್ಪಿಗೆಯೊಂದಿಗೆ ಒಂದು ಸಲ ಮಾತ್ರ ಬಳಸಬಹುದು. ತಂತ್ರಜ್ಞಾನದ ಬೇಲಿ ಮುಗಿಯುವ ಕಡೆಯಿಂದ ಕಾನೂನಿನ ಬೇಲಿ ಶುರುವಾಗಲೇಬೇಕಾಗಿತ್ತು.

ಈಗ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಓದುಗರೂ ಸೇರಿ ಎಲ್ಲರೂ ಎಚ್ಚರವಿರಬೇಕಾದದ್ದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳ, ಅಂದರೆ ಒತ್ತಿದರೆ ಆ್ಯಪ್ ಹಾಕಿಕೊಳ್ಳುವ ಕಡತಗಳ ಬಗ್ಗೆ. ಪಿಎಂ ಕಿಸಾನ್, ಮದುವೆ ಕರೆಯೋಲೆ, ವಾಹನದ ದಂಡ ಎಂಬ ಹೆಸರು ಹೊತ್ತು ಬರುವ ಇವು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ. ಅದು ಸಿಕ್ಕರೆ ಬ್ಯಾಂಕಿನ ಒಟಿಪಿ ಸಿಕ್ಕ ಹಾಗೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ತೆರೆದು, ಯಾವ ಆ್ಯಪ್‌ಗೆ ಎಸ್‌ಎಂಎಸ್, ಸಂಪರ್ಕ, ಮೈಕು ಸಿಕ್ಕಿದೆ ಎಂದು ಇವತ್ತೇ ನೋಡಿ, ಬೇಡದ್ದನ್ನು ಕಿತ್ತುಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.