ನರಗಳಿಗೆ ನೆಮ್ಮದಿ: ಸುಗಂಧ ತೈಲಗಳ ಶಕ್ತಿ ಮತ್ತು ಮಿತಿ

ಸಸ್ಯಗಳ ಹೂವು, ಎಲೆ, ಬೇರು, ಚೇಗುಗಳಲ್ಲಿ ಅಡಗಿದ್ದು ಗಾಳಿ ಸೋಕಿದರೆ ಬೇಗನೆ ಆವಿಯಾಗುವ ಪರಿಮಳದ ದ್ರವವೇ ಸುಗಂಧ ತೈಲ. ಇದನ್ನು ಸಾಮಾನ್ಯವಾಗಿ ಹಬೆ ಹಾಯಿಸಿ ಬಟ್ಟಿ ಇಳಿಸಿ ಪಡೆಯುತ್ತಾರೆ. ಇಂಥ ತೈಲಗಳ ಬಳಕೆ ಬಹು ಹಳೆಯದಾದರೂ, ಅರೋಮಾಥೆರಪಿ ಎಂಬ ಹೆಸರು ನೆಲೆಯೂರಿದ್ದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೊರಿಸ್ ಗಾಟ್‌ಫೊಸೆ 1937ರಲ್ಲಿ ಅದೇ ಶೀರ್ಷಿಕೆಯ ಪುಸ್ತಕವನ್ನು ಪ್ರಕಟಿಸಿದ ಮೇಲೆ.

ನೋಟ, ಶಬ್ದ, ಸ್ಪರ್ಶಗಳ ಸಂದೇಶಗಳು ಥಾಲಮಸ್ ಎಂಬ ಮೆದುಳಿನ ಒಳಕೇಂದ್ರವನ್ನು ಹಾದು ಮುಂದೆ ಸಾಗಿದರೆ, ವಾಸನೆಯ ಸಂದೇಶವು ಅದನ್ನು ಬಳಸದೆಯೇ, ಭಯ ಮತ್ತು ಭಾವನೆಗಳನ್ನು ನಿರ್ವಹಿಸುವ ಅಮಿಗ್ಡಲಕ್ಕೂ ನೆನಪಿಗೆ ಸಂಬಂಧಿಸಿದ ಭಾಗಗಳಿಗೂ ಸಮೀಪದ ದಾರಿಯಲ್ಲಿ ತಲುಪುತ್ತದೆ. ಎದೆಬಡಿತ, ಉಸಿರಾಟಗಳ ವೇಗವನ್ನು ಏರಿಳಿಸುವ ನರಗಳೊಡನೆ ಈ ಭಾಗಗಳಿಗೆ ನಂಟಿರುವುದರಿಂದಲೇ, ಒಂದು ಪರಿಮಳ ಮನಸ್ಸಿನ ಜೊತೆಗೆ ಮೈಯನ್ನೂ ಸಡಿಲಗೊಳಿಸಬಲ್ಲದು.

ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಲ್ಯಾವೆಂಡರ್ ತೈಲ. ಅದರ ಮುಖ್ಯ ಘಟಕವಾದ ಲಿನಲೂಲ್‌ನ ವಾಸನೆಯಿಂದ ಇಲಿಗಳ ಆತಂಕ ತಗ್ಗಿದುದನ್ನು ಜಪಾನಿನ ಕಗೋಶಿಮಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ಘ್ರಾಣಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲವಾದ್ದರಿಂದ, ಅದು ಮೂಗಿನ ದಾರಿಯಿಂದಲೇ ಬಂದದ್ದೆಂಬುದು ಸ್ಪಷ್ಟವಾಯಿತು. ಜರ್ಮನಿಯಲ್ಲಿ 80 ಮಿಲಿಗ್ರಾಂ ಲ್ಯಾವೆಂಡರ್ ತೈಲದ ಕ್ಯಾಪ್ಸೂಲ್ ಆತಂಕದ ತಳಮಳಕ್ಕೆ ಔಷಧವಾಗಿ ಬಳಕೆಯಲ್ಲಿದೆ. ಆದರೆ ಮೂಸುವುದರಿಂದ ಮನುಷ್ಯರಿಗಾಗುವ ಲಾಭವನ್ನು ಅಳೆಯುವುದು ಕಷ್ಟ, ಏಕೆಂದರೆ ಪರಿಮಳವನ್ನು ಬಚ್ಚಿಡಲಾಗದು, ತನಗೆ ಸಿಕ್ಕಿರುವುದು ಏನೆಂದು ತಿಳಿದವನಲ್ಲಿ ನಿರೀಕ್ಷೆಯೂ ಕೆಲಸ ಮಾಡುತ್ತದೆ.

ಕರ್ನಾಟಕದವರಿಗೆ ಹತ್ತಿರದ್ದು ಗಂಧದೆಣ್ಣೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯುವ ಉದ್ಯಮಕ್ಕೆ ಕೈಹಾಕಿತು. ಸ್ಯಾಂಟಲಾಲ್ ಎಂಬ ಘಟಕದಿಂದ ಬರುವ ಈ ಎಣ್ಣೆಯ ಪರಿಮಳ ಹಿತವೆಂಬುದು ತಲೆಮಾರುಗಳ ಅನುಭವ. ಆದರೆ ಅಗ್ಗದ ಬೆಲೆಗೆ ಸಿಗುವ ಸೀಸೆಯಲ್ಲಿರುವುದು ಅಪ್ಪಟ ಗಂಧದೆಣ್ಣೆಯಲ್ಲ.

ಮೈಗೆ ಹಚ್ಚುವುದಾದರೆ ಒಂದು ಟೀಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸುಗಂಧ ತೈಲ ಬೆರೆಸಿದರೆ ಸಾಕು, ಅದನ್ನೂ ಮೊದಲು ಮುಂಗೈಯ ಒಳಬದಿಯಲ್ಲಿ ಪರೀಕ್ಷಿಸಬೇಕು. ಸೀಸೆಯ ತೈಲವನ್ನು ಕುಡಿಯುವುದು ಅಪಾಯಕರ. ಕರ್ಪೂರ ಮತ್ತು ನೀಲಗಿರಿ ತೈಲಗಳು ಹೊಟ್ಟೆ ಸೇರಿದ ಮಕ್ಕಳಿಗೆ ಫಿಟ್ಸ್ ಬರಬಹುದಾದ್ದರಿಂದ ಸೀಸೆಗಳನ್ನು ಅವರ ಕೈಗೆಟುಕದಂತೆ ಇಡಲೇಬೇಕು. ಗರ್ಭಿಣಿಯರು, ಅಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಬಳಸುವುದು ಲೇಸು. ದಿನದ ದಣಿವಿಗೆ ಪರಿಮಳ ಒದಗೀತು. ವಾರಗಟ್ಟಲೆ ನಿದ್ದೆಗೆಡಿಸುವ ಆತಂಕಕ್ಕೆ ಚಿಕಿತ್ಸೆಯೇ ಬೇಕು, ನಡೆಯುತ್ತಿರುವ ಮಾತ್ರೆಗಳನ್ನು ತೈಲದ ನಂಬಿಕೆಯಲ್ಲಿ ನಿಲ್ಲಿಸಬಾರದು. ಅಂಥ ಆತಂಕ ಇರುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ.