ಆಟಗಾರರ ವರ್ಗಾವಣೆ: ಹೆಸರು ಮೊದಲೋ, ಹುದ್ದೆ ಮೊದಲೋ?

ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಗಿನ ನಡಿಗೆಗೆ ಸೇರುವ ನಾವು ನಾಲ್ವರು ವರ್ಷದ ಹತ್ತು ತಿಂಗಳು ಸಕ್ಕರೆ ಕಾಯಿಲೆ, ಮಕ್ಕಳ ಸಂಬಳ ಮತ್ತು ಭದ್ರಾ ಮೇಲ್ದಂಡೆಯ ನೀರಿನ ಬಗ್ಗೆ ಮಾತನಾಡುತ್ತೇವೆ. ಅಕ್ಟೋಬರ್ ಕಳೆದು ನವೆಂಬರ್ ಬಂತೆಂದರೆ ಮಾತು ಆರ್‌ಸಿಬಿಯತ್ತ ಹೊರಳುತ್ತದೆ. ಆಟ ನಡೆಯುವ ಬೇಸಿಗೆಯಲ್ಲೂ ಇಷ್ಟು ಬಿರುಸಿನ ಚರ್ಚೆ ಇರುವುದಿಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎಂಬ ಈ ಲೆಕ್ಕಾಚಾರದಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಹಿರಿಯೂರಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಉಪನ್ಯಾಸಕರೊಬ್ಬರು, ಹೊಸದುರ್ಗದ ಕೊಬ್ಬರಿ ವ್ಯಾಪಾರವನ್ನು ಮಗನಿಗೆ ವಹಿಸಿ ಬಂದಿರುವ ಮಿತ್ರರು ಹಾಗೂ ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದ ನಾನು ಸಮಾನ ಉತ್ಸಾಹದಿಂದ ಭಾಗಿಗಳು.

ಐಪಿಎಲ್‌ನಲ್ಲಿ ಹರಾಜಿನ ಅಬ್ಬರ ಎಲ್ಲರಿಗೂ ಗೊತ್ತು. ಅದಕ್ಕೆ ಮುನ್ನ ಸದ್ದಿಲ್ಲದೆ ನಡೆಯುವ ಇನ್ನೊಂದು ವ್ಯವಹಾರವಿದೆ. ಎರಡು ತಂಡಗಳು ಒಪ್ಪಿದರೆ ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳಬಹುದು. ಆಟಗಾರನಿಗೆ ಬದಲಾಗಿ ಹಣವನ್ನೂ ಕೊಡಬಹುದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಬೇರೂರಿರುವ ಈ ಪದ್ಧತಿ ನಮ್ಮಲ್ಲಿ ಮೊದಲು ಗಮನ ಸೆಳೆದದ್ದು 2009ರ ಆವೃತ್ತಿಗೆ ಮುನ್ನ. ಆಗ ಬೆಂಗಳೂರು ತಂಡ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ತಂದುಕೊಂಡಿತು. ರಣಜಿಯಲ್ಲಿ ಮುಂಬೈ ಪರ ಆಡುತ್ತಿದ್ದವರು ಮುಂಬೈಗೆ, ಕರ್ನಾಟಕದವರು ಕರ್ನಾಟಕಕ್ಕೆ. ಸರ್ಕಾರಿ ನೌಕರರ ಭಾಷೆಯಲ್ಲಿ ಹೇಳುವುದಾದರೆ ಇದು ಅಚ್ಚುಕಟ್ಟಾದ 'ಪರಸ್ಪರ ವರ್ಗಾವಣೆ'. ಇಬ್ಬರಿಗೂ ಊರು ಸಿಕ್ಕಿತು. ಕಚೇರಿಗಳಿಗೆ ಏನು ಸಿಕ್ಕಿತು ಎಂಬುದು ಬೇರೆಯೇ ಪ್ರಶ್ನೆ.

ಈ ಬೇರೆ ಪ್ರಶ್ನೆಯೇ ನನ್ನನ್ನು ಕಾಡುತ್ತಿರುವುದು. 2023ರ ನವೆಂಬರ್‌ನ ಒಂದು ಬೆಳಿಗ್ಗೆ ಹೊಸದುರ್ಗದ ಮಿತ್ರರು ಪತ್ರಿಕೆಯನ್ನು ಬಾವುಟದಂತೆ ಹಿಡಿದುಕೊಂಡು ಬಂದರು. ಮುಂಬೈ ತಂಡದ ಆಸ್ಟ್ರೇಲಿಯಾ ಆಟಗಾರ ಕ್ಯಾಮರೂನ್ ಗ್ರೀನ್ 17.5 ಕೋಟಿ ರೂಪಾಯಿಗೆ ಆರ್‌ಸಿಬಿಗೆ ಬಂದಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಹೈದರಾಬಾದ್ ವಿರುದ್ಧ 47 ಎಸೆತಗಳಲ್ಲಿ ಶತಕ ಬಾರಿಸಿದ ಆಳು. "ನೋಡಿ ಸಾರ್, ಎಂಥಾ ಹೆಸರು ಬಂತು ನಮ್ಮ ಟೀಮಿಗೆ!" ಎಂದರು. ನಾನು ಹಳೆಯ ಅಭ್ಯಾಸಬಲದಿಂದ, "ಯಾವ ಹುದ್ದೆ ಖಾಲಿ ಇತ್ತು?" ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು.

ನನ್ನ ಪ್ರಶ್ನೆಗೆ ಕಾರಣವಿತ್ತು. ಅದೇ ದಿನಗಳಲ್ಲಿ ಆರ್‌ಸಿಬಿ ಜೋಶ್ ಹೇಜಲ್‌ವುಡ್, ಹಸರಂಗ ಮತ್ತು ಹರ್ಷಲ್ ಪಟೇಲ್ ಮೂವರನ್ನೂ ಬಿಟ್ಟುಕೊಟ್ಟಿತ್ತು. ಮೂರು ಬೌಲಿಂಗ್ ಹುದ್ದೆಗಳು ತೆರವಾದವು. ಬೊಕ್ಕಸದ ದೊಡ್ಡ ಪಾಲು ಒಬ್ಬ ಆಲ್‌ರೌಂಡರ್‌ಗೆ ಹೋಯಿತು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ: ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ ಅದಕ್ಕಾಗಿ ನಾವು ಕೈಬಿಟ್ಟ ಇನ್ನೊಂದು ವಸ್ತು. ಮುಂಬೈಗೆ ಈ ಪಾಠ ಚೆನ್ನಾಗಿ ತಿಳಿದಿತ್ತು. ಗ್ರೀನ್ ಅವರನ್ನು ಕೊಟ್ಟದ್ದರಿಂದ ಉಳಿದ ಹಣದಲ್ಲಿ ಅದು ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯ ಅವರನ್ನು ತಂದಿತು. 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಅಂಗಳದಲ್ಲಿ ಹೈದರಾಬಾದ್ ತಂಡ ನಮ್ಮವರ ಬೌಲಿಂಗನ್ನು ದಂಡಿಸಿ 3 ವಿಕೆಟ್‌ಗೆ 287 ರನ್ ಪೇರಿಸಿತು. ಆ ತನಕ ಐಪಿಎಲ್‌ನಲ್ಲಿ ಯಾವ ತಂಡವೂ ಅಷ್ಟು ರನ್ ಗಳಿಸಿರಲಿಲ್ಲ. ಮರುದಿನ ಹೊಸದುರ್ಗದ ಮಿತ್ರರು ನಡಿಗೆಗೆ ಬರಲಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ಆರ್‌ಸಿಬಿ ಅನಂತರ ಸತತ ಆರು ಗೆದ್ದು ಪ್ಲೇಆಫ್ ತಲುಪಿತು. ಹಾರ್ದಿಕ್ ಅವರನ್ನು ತಂದು ನಾಯಕತ್ವವನ್ನೂ ಕೊಟ್ಟ ಮುಂಬೈ ಹತ್ತನೆಯ, ಅಂದರೆ ಕೊನೆಯ ಸ್ಥಾನಕ್ಕೆ ಇಳಿಯಿತು. ಮಿತ್ರರು ಇದನ್ನು ನನಗೆ ಆಗಾಗ ನೆನಪಿಸುತ್ತಾರೆ. ನೆನಪಿಸಲಿ. ಒಂದೇ ಋತುವಿನ ಫಲಿತಾಂಶದಿಂದ ವಿನಿಮಯವೊಂದರ ಗುಣಾವಗುಣ ತೀರ್ಮಾನಿಸಲಾಗದು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಹಾಗಾದರೆ ಯಾವುದರಿಂದ ತೀರ್ಮಾನಿಸಬೇಕು? ಇಂಗ್ಲೆಂಡ್ ಬಟ್ಟೆ ಕೊಟ್ಟು ಪೋರ್ಚುಗಲ್ ದ್ರಾಕ್ಷಾರಸ ಕೊಟ್ಟರೆ ಎರಡಕ್ಕೂ ಲಾಭವೆಂದು ಡೇವಿಡ್ ರಿಕಾರ್ಡೊ 1817ರಲ್ಲಿ ತೋರಿಸಿದ. ವಿನಿಮಯದಲ್ಲಿ ಒಬ್ಬರು ಗೆದ್ದು ಒಬ್ಬರು ಸೋಲಲೇಬೇಕೆಂದಿಲ್ಲ; ಇಬ್ಬರ ಕೊರತೆಗಳು ಬೇರೆ ಬೇರೆಯಾಗಿರಬೇಕು, ಅಷ್ಟೆ. 2016ರ ಆವೃತ್ತಿಗೆ ಮುನ್ನ ಆರ್‌ಸಿಬಿ ಹೈದರಾಬಾದ್‌ನಿಂದ ಕೆ.ಎಲ್. ರಾಹುಲ್ ಅವರನ್ನು ತಂದುಕೊಂಡಿತು. ಅವರು ವಿಕೆಟ್ ಹಿಂದೆಯೂ ನಿಂತರು, 397 ರನ್ ಕೂಡ ಗಳಿಸಿದರು, ತಂಡ ಫೈನಲ್ ತಲುಪಿತು. ಅಲ್ಲಿ 8 ರನ್‌ಗಳಿಂದ ನಮ್ಮನ್ನು ಸೋಲಿಸಿದ್ದು ಅದೇ ಹೈದರಾಬಾದ್! ಕೊಟ್ಟವರೂ ಪಡೆದವರೂ ಅಂತಿಮ ಪಂದ್ಯದಲ್ಲಿ ಎದುರುಬದುರಾದರು. ರಿಕಾರ್ಡೊ ಇದ್ದಿದ್ದರೆ ಮೆಚ್ಚುತ್ತಿದ್ದನೇನೋ. ನಾವಂತೂ ಆ ರಾತ್ರಿ ಊಟ ಮಾಡಲಿಲ್ಲ.

ನನ್ನ ಎಣಿಕೆಯಲ್ಲಿ ಆರ್‌ಸಿಬಿಯ ಅತ್ಯುತ್ತಮ ವಿನಿಮಯವೂ ಅತಿ ದುಬಾರಿಯಾಗಿ ಪರಿಣಮಿಸಿದ ವಿನಿಮಯವೂ ಯಾವುದೇ ಅಬ್ಬರವಿಲ್ಲದೆ ನಡೆದವು. 2019ರ ಆವೃತ್ತಿಗೆ ಮುನ್ನ ವಿಕೆಟ್‌ಕೀಪರ್ ಹಾಗೂ ಆರಂಭಿಕ ಆಟಗಾರ ಕ್ವಿಂಟನ್ ಡಿ ಕಾಕ್ ಅವರನ್ನು ಮುಂಬೈಗೆ ಬಿಟ್ಟುಕೊಡಲಾಯಿತು. ಬೆಲೆ 2.8 ಕೋಟಿ, ಕೊಂಡಷ್ಟಕ್ಕೇ ಮಾರಿದ್ದರಿಂದ ಲೆಕ್ಕಪತ್ರದಲ್ಲಿ ನಷ್ಟವೇ ಇಲ್ಲ. ಆ ವರ್ಷ ಡಿ ಕಾಕ್ 529 ರನ್ ಗಳಿಸಿದರು, ಮುಂಬೈ ಒಂದು ರನ್ನಿನಿಂದ ಕಪ್ ಗೆದ್ದಿತು, ಮೊದಲ ಆರು ಪಂದ್ಯಗಳನ್ನೂ ಸೋತ ಆರ್‌ಸಿಬಿ ಎಂಟರಲ್ಲಿ ಎಂಟನೆಯದಾಯಿತು. ಇದಕ್ಕೆ ವ್ಯತಿರಿಕ್ತವಾಗಿ, 2021ಕ್ಕೆ ಮುನ್ನ ದೆಹಲಿಯಿಂದ ಹರ್ಷಲ್ ಪಟೇಲ್ ಮರಳಿ ಬಂದರು. ಆಗ ಅವರ ಬೆಲೆ 20 ಲಕ್ಷ. ಕೊನೆಯ ಓವರ್‌ಗಳಲ್ಲಿ ರನ್ ಸೋರಿಹೋಗುವುದು ಆರ್‌ಸಿಬಿಯ ಹಳೆಯ ಕಾಯಿಲೆಯಾಗಿತ್ತು. ಆ ಖಾಲಿ ಹುದ್ದೆಗೆ ಬಂದ ಹರ್ಷಲ್ ಒಂದೇ ಋತುವಿನಲ್ಲಿ 32 ವಿಕೆಟ್ ಕಿತ್ತು ಡ್ವೇನ್ ಬ್ರಾವೊ 2013ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿದರು.

ಇಲ್ಲಿ ಹೊಳಲ್ಕೆರೆಯ ಮಿತ್ರರ ಒಂದು ಸಂದೇಹವನ್ನು ದಾಖಲಿಸಬೇಕು. ಅಷ್ಟು ಒಳ್ಳೆಯ ಎತ್ತಾದರೆ ಅವನೇಕೆ ಮಾರುತ್ತಾನೆ ಎಂಬುದು ಅವರ ಪ್ರಶ್ನೆ. ಬಳಸಿದ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧದ ತಿರುಳೂ ಇದೇ: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಅದಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ರೈತರು ದನದ ಜಾತ್ರೆಗೆ ಹೋದಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದುದು ಇದೇ ಭಯದಿಂದ. ಆದರೆ ಮಾರುವವನಿಗೆ ಬೇಡವಾದದ್ದೆಲ್ಲ ಮುಗ್ಗರಿಸುವ ಎತ್ತೇ ಆಗಿರಬೇಕಿಲ್ಲ. ಅವನ ಕೊಟ್ಟಿಗೆಯಲ್ಲಿ ಅಂಥದೇ ಇನ್ನೆರಡು ಇದ್ದಿರಬಹುದು. ಹರ್ಷಲ್ ವಿಷಯದಲ್ಲಿ ಆದದ್ದು ಹಾಗೆ. ದೆಹಲಿಯಲ್ಲಿ ವೇಗಿಗಳ ಸಾಲೇ ಇತ್ತು.

'ಹುದ್ದೆ'ಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಆಟಕ್ಕಿಂತ ಹಳೆಯ ಕಾರಣವೊಂದಿದೆ. 1990ರ ದಶಕದಲ್ಲಿ ನೌಕರರ ವರ್ಗಾವಣೆಯ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ಎರಡು ತಾಲ್ಲೂಕುಗಳ ನಡುವೆ, ಹೆಸರು ಬೇಡ, ಇಬ್ಬರು ಗುಮಾಸ್ತರನ್ನು ಅದಲುಬದಲು ಮಾಡುವ ಟಿಪ್ಪಣಿಗೆ ನಾನು ಶಿಫಾರಸು ಬರೆದೆ. ಅದೇ ವೃಂದ, ಅದೇ ವೇತನ, ಹೆಚ್ಚುಕಡಿಮೆ ಅದೇ ಜ್ಯೇಷ್ಠತೆ. ಕಾಗದದ ಮೇಲೆ ಇಬ್ಬರೂ ಸರಿಸಮ. ಒಬ್ಬರಿಗೆ ನಾಲೆಯ ಅಚ್ಚುಕಟ್ಟಿನ ದಾಖಲೆಗಳು ಬಾಯಿಪಾಠವಾಗಿದ್ದವು. ಯಾವ ತೂಬಿನ ನೀರು ಯಾರ ಗದ್ದೆಗೆ, ಯಾವ ಮನೆಯ ಪಾಲು ವಿಭಾಗ ಇನ್ನೂ ಬಗೆಹರಿದಿಲ್ಲ ಎಂಬುದೆಲ್ಲ ಕಡತ ತೆರೆಯದೆಯೇ ಹೇಳುತ್ತಿದ್ದರು. ಇನ್ನೊಬ್ಬರಿಗೆ ತೋಟದ ಜಮೀನು, ಹಳೆಯ ಇನಾಂ ಪ್ರಕರಣಗಳು ಕರತಲಾಮಲಕ. ಅದಲುಬದಲಾದ ಮೇಲೆ ಎರಡೂ ಕಡೆ ಅರ್ಜಿಗಳ ರಾಶಿ ಬೆಳೆಯಿತು. ಪಹಣಿ ತಿದ್ದುಪಡಿಗೆ ಬಂದ ರೈತರು ತಿಂಗಳುಗಟ್ಟಲೆ ತಿರುಗಿದರು. ತಪ್ಪು ಬೇರೆ ಯಾರದೂ ಅಲ್ಲ, ನನ್ನದು.

ಅದಕ್ಕಿಂತ ಹೆಚ್ಚಿನ ತಪ್ಪು ಇನ್ನೊಂದಿತ್ತು. ಆದೇಶದಲ್ಲಿ 'ಸ್ವಂತ ಕೋರಿಕೆಯ ಮೇರೆಗೆ' ಎಂದಿತ್ತು. ನೌಕರಿಯಲ್ಲಿದ್ದವರಿಗೆ ಈ ಮೂರು ಪದಗಳ ಮರ್ಮ ಗೊತ್ತು: ಕೋರಿಕೆಯೆಂದು ಬರೆಸಿಕೊಂಡರೆ ವರ್ಗಾವಣೆಯ ಪ್ರಯಾಣ ಭತ್ಯೆ ಕೊಡಬೇಕಾಗುವುದಿಲ್ಲ. ನಾಲೆಯ ದಾಖಲೆ ಬಲ್ಲ ಆ ಹಿರಿಯರಿಂದ ಕೋರಿಕೆಯ ಪತ್ರ ಬರೆಸಿಕೊಳ್ಳಲಾಗಿತ್ತು. ಅವರು ಏನನ್ನೂ ಕೋರಿರಲಿಲ್ಲ. ಎಷ್ಟೋ ವರ್ಷಗಳ ನಂತರ ಹೊಳಲ್ಕೆರೆಯ ಮದುವೆಯೊಂದರಲ್ಲಿ ಎದುರಾದಾಗ ಎಲೆಯಡಿಕೆ ತಟ್ಟೆ ನನ್ನತ್ತ ಸರಿಸಿ, "ಅಲ್ಲಿಗೆ ಹೋದ ಮೇಲೆ ರಿಟೈರ್ ಆಗೋತನಕ ನಕ್ಷೆ ಓದೋದು ಕಲಿಯೋದೇ ಆಯ್ತು ಸಾರ್" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಹೀಗಾಗಿ ಐಪಿಎಲ್ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಕಡ್ಡಾಯ ಎಂಬ ನಿಯಮವನ್ನು ನಾನು ಗೌರವದಿಂದಲೂ ತುಸು ಅನುಮಾನದಿಂದಲೂ ನೋಡುತ್ತೇನೆ. ಬೇಸ್‌ಬಾಲ್‌ನಲ್ಲಿ ಈ ಹಕ್ಕು ಸುಲಭವಾಗಿ ಬರಲಿಲ್ಲ. ಸೇಂಟ್ ಲೂಯಿಸ್ ತಂಡಕ್ಕೆ 12 ಋತುಗಳನ್ನು ಆಡಿದ್ದ ಕರ್ಟ್ ಫ್ಲಡ್ ಎಂಬ ಆಟಗಾರನನ್ನು 1969ರಲ್ಲಿ ಒಂದು ಮಾತನ್ನೂ ಕೇಳದೆ ಫಿಲಡೆಲ್ಫಿಯಾಕ್ಕೆ ಕೊಡಲಾಯಿತು. ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ಆತ ಲೀಗಿನ ಆಯುಕ್ತರಿಗೆ ಬರೆದ, ಹೋಗಲು ನಿರಾಕರಿಸಿದ, ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1972ರಲ್ಲಿ 5–3ರ ತೀರ್ಪಿನಲ್ಲಿ ಸೋತ. ಅಷ್ಟರಲ್ಲಿ ಅವನ ಆಟದ ಬದುಕು ಮುಗಿದಿತ್ತು. ಲೀಗಿನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವರನ್ನು ಅವರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ ಎಂಬ ನಿಯಮ ಬಂದದ್ದು ಆ ಬಳಿಕ. ಅವನು ಕಟ್ಟಿದ ಬೆಲೆಯ ಫಲ ಉಂಡವರು ಅವನ ಹಿಂದೆ ಬಂದವರು.

ನಮ್ಮಲ್ಲಿ ರವೀಂದ್ರ ಜಡೇಜ ಅವರ ಕಥೆಯನ್ನು ನೋಡಿ. ಬೇರೆ ತಂಡದೊಂದಿಗೆ ತಾವೇ ನೇರವಾಗಿ ಮಾತುಕತೆ ನಡೆಸಲು ಯತ್ನಿಸಿದರೆಂದು 2010ರಲ್ಲಿ ಅವರನ್ನು ಒಂದು ಋತು ನಿಷೇಧಿಸಲಾಯಿತು. ಆಗ ಅವರು ರಾಜಸ್ಥಾನದ ಆಟಗಾರ. 2012ರಲ್ಲಿ ಚೆನ್ನೈ ಸೇರಿದರು, 2023ರ ಫೈನಲ್‌ನ ಕೊನೆಯ ಎರಡು ಎಸೆತಗಳಲ್ಲಿ ಸಿಕ್ಸರ್ ಮತ್ತು ಬೌಂಡರಿ ಬಾರಿಸಿ ಆ ತಂಡಕ್ಕೆ ಕಪ್ ತಂದುಕೊಟ್ಟರು. 2025ರ ನವೆಂಬರ್‌ನಲ್ಲಿ ಸಂಜು ಸ್ಯಾಮ್ಸನ್‌ಗೆ ಬದಲಾಗಿ ಸ್ಯಾಮ್ ಕರನ್ ಜೊತೆ ಜಡೇಜ ಮತ್ತೆ ರಾಜಸ್ಥಾನಕ್ಕೇ ಹೋದರು. ಬೆಲೆ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ನಿಯಮದಂತೆ ಅವರ ಒಪ್ಪಿಗೆ ಇದ್ದೇ ಇರಬೇಕು. ಆದರೆ ಆಟಗಾರ ತಂಡ ಹುಡುಕಿದರೆ ಅಪರಾಧ, ತಂಡಗಳು ಆಟಗಾರನನ್ನು ಹುಡುಕಿದರೆ ವ್ಯವಹಾರ ಎಂಬ ಈ ತಾರತಮ್ಯ ನನಗೆ ಎಂದೂ ಅರ್ಥವಾಗಿಲ್ಲ.

ಆರ್‌ಸಿಬಿ ಕೊನೆಗೂ 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಮಣಿಸಿ ಕಪ್ ಎತ್ತಿತು. ಹಿರಿಯೂರಿನ ಮಿತ್ರರು, "1933ರಲ್ಲಿ ತುಂಬಿದ ಮಾರಿಕಣಿವೆ ಮತ್ತೆ ಕೋಡಿ ಬೀಳೋಕೆ 2022ರ ತನಕ ಕಾದವರು ನಾವು, 18 ವರ್ಷ ಯಾವ ಲೆಕ್ಕ!" ಎಂದು ನಕ್ಕರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಸುದ್ದಿ ಬಂದ ಮೇಲೆ ಆ ನಗು ಬಹಳ ದಿನ ಮರಳಲಿಲ್ಲ. ಆ ತಂಡವನ್ನು ಕಟ್ಟಿದ್ದು ವಿನಿಮಯದಿಂದಲ್ಲ, ಜೆಡ್ಡಾದ ಹರಾಜಿನಲ್ಲಿ. ಆದರೂ ನನ್ನ ವಾದಕ್ಕೆ ಅದು ಸಾಕ್ಷಿ ಎನ್ನುತ್ತೇನೆ. ಹಿಂದೆ ಬಿಟ್ಟಿದ್ದ ಹೇಜಲ್‌ವುಡ್ ಅವರನ್ನು 12.5 ಕೋಟಿಗೆ ಮರಳಿ ತರಲಾಯಿತು, ಭುವನೇಶ್ವರ್ ಕುಮಾರ್ ಬಂದರು. 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಕನ್ನಡಿಗರ ಪೈಕಿ ದೇವದತ್ತ ಪಡಿಕ್ಕಲ್ ಗಾಯಗೊಂಡು ಹೊರಗುಳಿದಾಗ ಆ ಜಾಗಕ್ಕೆ ಮಯಂಕ್ ಅಗರವಾಲ್ ಬಂದರು.

ವಿನಿಮಯದ ಬಗ್ಗೆ ಮಂಡಳಿಯನ್ನು ಕೇಳಬೇಕಾದದ್ದು ನನ್ನ ಪ್ರಕಾರ ಒಂದೇ ಒಂದು. ಆಟಗಾರನ ಸಂಬಳ ಎಲ್ಲರಿಗೂ ತಿಳಿಯುತ್ತದೆ. ಒಂದು ತಂಡ ಇನ್ನೊಂದಕ್ಕೆ ಕೊಡುವ ವರ್ಗಾವಣೆ ಶುಲ್ಕ ಮಾತ್ರ ಟವೆಲ್ಲಿನ ಕೆಳಗೇ ಉಳಿಯುತ್ತದೆ. ಹಾರ್ದಿಕ್ ಅವರಿಗಾಗಿ ಮುಂಬೈ ಎಷ್ಟು ತೆತ್ತಿತೆಂಬುದು ಅಧಿಕೃತವಾಗಿ ಪ್ರಕಟವಾಗಲಿಲ್ಲ. ತಂಡಗಳ ಖರ್ಚಿಗೆ ಮಿತಿ ಹಾಕಿರುವುದು ಸಿರಿವಂತ ತಂಡ ಬಡ ತಂಡವನ್ನು ನುಂಗದಿರಲಿ ಎಂದು. ಆ ಮಿತಿಯ ಹೊರಗೆ, ಯಾರಿಗೂ ಕಾಣದಂತೆ ಹಣ ಹರಿಯುವುದಾದರೆ ಮಿತಿಗೆ ಅರ್ಥವೇನು? ಶುಲ್ಕವನ್ನೂ ಆಟಗಾರನಿಗೆ ಅದರಲ್ಲಿ ಸಂದ ಪಾಲನ್ನೂ ಪ್ರಕಟಿಸಲಿ.

ಇದನ್ನು ಹೇಳಿದಾಗ ಹೊಸದುರ್ಗದ ಮಿತ್ರರು ಒಪ್ಪಲಿಲ್ಲ. "ಕೊಬ್ಬರಿ ಮಂಡಿಯಲ್ಲಿ ನಾವು ಎಲ್ಲಾ ರೇಟನ್ನೂ ಬೋರ್ಡಿಗೆ ಬರೀತೀವಾ ಸಾರ್?" ಎಂದರು. ಹೊಳಲ್ಕೆರೆಯವರು, ಬರೆಯದೆ ಇದ್ದದ್ದಕ್ಕೇ ಬೆಳೆಗಾರ ಹೀಗಾಗಿದ್ದಾನೆ ಎಂದು ಎದುರಾಡಿದರು. ಇಬ್ಬರ ಜಗಳ ಅಡಿಕೆಯ ಧಾರಣೆಯತ್ತ ತಿರುಗಿತು. ನಮಗೆ ಇನ್ನೂ ಎರಡು ಸುತ್ತು ಬಾಕಿ ಇತ್ತು.